ಬೆವರಿಗೆ ಸಾಕ್ಷಿ ಯಾರು?

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಕೊಡಗಿನ ಮೈದಾನ. ಆದರೆ ಕೆನಡಾದವರಿಗೆ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಕಾಲಿಗೆ ಸ್ಕೇಟ್ ತೊಟ್ಟು, ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಕಪ್ಪು ಬಿಲ್ಲೆಯನ್ನು ಹೊಡೆಯುವ ಆಟ. ಆ ಆಟದ ಒಂದು ಹಳೆಯ ಅಂಗಿಯಿಂದ ಈ ಮಾತನ್ನು ಆರಂಭಿಸೋಣ.

1972ರ ಸೆಪ್ಟೆಂಬರ್ 28. ಮಾಸ್ಕೋದಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಎಂಟು ಪಂದ್ಯಗಳ ಸರಣಿಯ ಕೊನೆಯ ಪಂದ್ಯ ನಡೆಯುತ್ತಿತ್ತು. ಎರಡೂ ತಂಡಗಳು ತಲಾ ಮೂರು ಪಂದ್ಯ ಗೆದ್ದಿದ್ದವು, ಒಂದು ಸಮವಾಗಿತ್ತು. ಆಟ ಮುಗಿಯಲು ಕೇವಲ 34 ಸೆಕೆಂಡುಗಳಿದ್ದಾಗ ಪಾಲ್ ಹೆಂಡರ್ಸನ್ ಗೋಲು ಹೊಡೆದರು. ಕೆನಡಾ 6-5ರಿಂದ ಗೆದ್ದಿತು. ಅದು ಶೀತಲ ಸಮರದ ಕಾಲ. ಆ ಗೋಲು ಒಂದು ದೇಶದ ನೆನಪಾಗಿ ಉಳಿಯಿತು. ಅಂದು ತೊಟ್ಟಿದ್ದ 19ನೇ ಸಂಖ್ಯೆಯ ಜೆರ್ಸಿಯನ್ನು ಹೆಂಡರ್ಸನ್ ತಂಡದ ಟ್ರೈನರ್ ಜೋ ಸ್ಗ್ರೋ ಅವರಿಗೆ ಕೊಟ್ಟುಬಿಟ್ಟರು. 2010ರಲ್ಲಿ ಅದೇ ಜೆರ್ಸಿ ಹರಾಜಿಗೆ ಬಂದಾಗ ಹತ್ತು ಲಕ್ಷ ಅಮೆರಿಕನ್ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು.

ಈಗ ಒಂದು ಪ್ರಶ್ನೆ. ಅದೇ ಬಟ್ಟೆಯಲ್ಲಿ, ಅದೇ ಅಳತೆಗೆ, ಅದೇ ಸಂಖ್ಯೆ ಹಚ್ಚಿ ಹೊಲಿದ ಇನ್ನೊಂದು ಜೆರ್ಸಿ ಇತ್ತೆಂದು ಭಾವಿಸೋಣ. ಅದನ್ನು ಯಾರೂ ತೊಡಲಿಲ್ಲ, ಪೆಟ್ಟಿಗೆಯಲ್ಲೇ ಉಳಿಯಿತು. ಎರಡನ್ನೂ ಮೇಜಿನ ಮೇಲೆ ಹರಡಿದರೆ ವ್ಯತ್ಯಾಸ ಎಲ್ಲಿದೆ? ನೂಲಿನಲ್ಲಿ ಇಲ್ಲ, ಬಣ್ಣದಲ್ಲಿ ಇಲ್ಲ. ಒಂದು ಅಂಗಿ ಒಂದು ಘಟನೆಗೆ ಸಾಕ್ಷಿಯಾಗಿತ್ತು, ಇನ್ನೊಂದು ಆಗಿರಲಿಲ್ಲ. ಅಷ್ಟೇ. ಹಾಗಾದರೆ ಕೊಂಡವನು ಕೊಟ್ಟ ಹಣ ಬಟ್ಟೆಗಲ್ಲ, ‘ಇದು ನಿಜ’ ಎಂಬ ಒಂದು ಮಾತಿಗೆ. ಮಾತಿಗೆ ಅಷ್ಟು ಬೆಲೆ ಬಂದಾಗ ಸುಳ್ಳಿಗೂ ಅಷ್ಟೇ ಬೆಲೆ ಬರುತ್ತದೆ. ಇದು ಶ್ರೀಮಂತರ ಹವ್ಯಾಸವೆಂದು ತಳ್ಳಿಹಾಕಬಹುದು. ಆದರೆ ಇಲ್ಲಿ ಎದುರಾಗುವ ಪ್ರಶ್ನೆ ನಮ್ಮೆಲ್ಲರದು.

ಹಳೆಯ ಜೆರ್ಸಿಯೊಂದು ಪಂದ್ಯದಲ್ಲಿ ತೊಟ್ಟದ್ದೇ ಎಂದು ತಿಳಿಯಲು ಸಂಗ್ರಾಹಕರು ಪಡುವ ಶ್ರಮ ನಿಜಕ್ಕೂ ಅಚ್ಚರಿ ಹುಟ್ಟಿಸುತ್ತದೆ. ಮೊದಲು ಬಟ್ಟೆ ನೋಡುತ್ತಾರೆ. ಬಹಳ ಹಿಂದಿನವು ಉಣ್ಣೆಯವು. 1970ರ ದಶಕದಲ್ಲಿ ಸಣ್ಣ ತೂತುಗಳ ಜಾಲರಿ ಬಟ್ಟೆ ಬಳಕೆಗೆ ಬಂತು. ನಂತರ ಕೊರಳಿನ ಒಳಗಿನ ಕಂಪನಿ ಚೀಟಿ ಆ ವರ್ಷದ್ದೇ ಎಂದು ಹೋಲಿಸುತ್ತಾರೆ. ಹೊಸ ಕಾಲದ ನೂಲು ಕೆಲವೊಮ್ಮೆ ಅತಿನೇರಳೆ ದೀಪದ ಕೆಳಗೆ ಹೊಳೆದು ತನ್ನ ವಯಸ್ಸನ್ನು ತಾನೇ ಹೇಳಿಬಿಡುತ್ತದೆ. ಆದರೆ ಹಳೆಯ ಅಂಗಿಯನ್ನು ಯಾರೋ ಇತ್ತೀಚೆಗೆ ಸಾಬೂನು ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯಬಹುದು. ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ.

ಆಮೇಲೆ ಗಾಯಗಳ ಸರದಿ. ಪಕ್ ಬಡಿದ ಕಪ್ಪು ಗುರುತು, ಎದುರಾಳಿಯ ಕೋಲು ಎಳೆದ ಗೀರು, ಅಂಕಣದ ಸುತ್ತಲಿನ ಹಲಗೆಗೋಡೆಗೆ ಉಜ್ಜಿ ಎದ್ದ ನೂಲು, ಕೊರಳಪಟ್ಟಿಯ ಬೆವರಿನ ಕಲೆ. ಈ ಆಟದಲ್ಲಿ ಆಟಗಾರರು ಕೈ ಕೈ ಮಿಲಾಯಿಸುವುದೂ ಉಂಟು. ಎದುರಾಳಿ ಅಂಗಿಯನ್ನು ತಲೆಯ ಮೇಲಿಂದ ಎಳೆಯದಂತೆ ಅದನ್ನು ಚಡ್ಡಿಗೆ ಬಿಗಿಯುವ ಒಂದು ಪಟ್ಟಿಯನ್ನು ಬೆನ್ನಿನ ಒಳಭಾಗದಲ್ಲಿ ಹೊಲಿದಿರುತ್ತಾರೆ. ಆ ಪಟ್ಟಿ ಜಗ್ಗಿದೆಯೇ, ಗುಂಡಿ ಸವೆದಿದೆಯೇ ಎಂದೂ ನೋಡುತ್ತಾರೆ. ಹರಿದಲ್ಲಿ ತಂಡದ ನೌಕರ ಪಂದ್ಯಗಳ ನಡುವೆ ಅವಸರದಲ್ಲಿ ಹಾಕಿದ ತೇಪೆಯಂತೂ ಅವರಿಗೆ ಚಿನ್ನ. ಕೊನೆಯದಾಗಿ, ಪಂದ್ಯದ ಫೋಟೋ ಸಿಕ್ಕರೆ ಅದರಲ್ಲಿ ಕಾಣುವ ತೇಪೆ, ಗೀರು, ಸಂಖ್ಯೆಯ ಅಂಚಿನ ಓರೆ ಹೊಲಿಗೆ ಎಲ್ಲವನ್ನೂ ಕೈಯಲ್ಲಿರುವ ಜೆರ್ಸಿಯೊಂದಿಗೆ ಹೋಲಿಸುತ್ತಾರೆ. ಬೆರಳಚ್ಚು ಹೋಲಿಸಿದ ಹಾಗೆ.

ಇಲ್ಲೊಂದು ಸ್ವಾರಸ್ಯವಿದೆ. 1977-78ರಿಂದ ರಾಷ್ಟ್ರೀಯ ಹಾಕಿ ಲೀಗ್ ಆಟಗಾರರ ಹೆಸರನ್ನು ಜೆರ್ಸಿಯ ಬೆನ್ನಿನ ಮೇಲೆ ಹಾಕುವುದನ್ನು ಎಲ್ಲ ತಂಡಗಳಿಗೂ ಕಡ್ಡಾಯ ಮಾಡಿತು. ಟೊರಾಂಟೊ ತಂಡದ ಮಾಲಕ ಹೆರಾಲ್ಡ್ ಬಲ್ಲಾರ್ಡ್ ಇದಕ್ಕೆ ಒಪ್ಪಲಿಲ್ಲ. ಒತ್ತಡ ಹೆಚ್ಚಾದಾಗ 1978ರ ಫೆಬ್ರವರಿಯಲ್ಲಿ ನೀಲಿ ಜೆರ್ಸಿಯ ಮೇಲೆ ನೀಲಿ ಅಕ್ಷರದಲ್ಲೇ ಹೆಸರು ಹಾಕಿಸಿದರು! ನಿಯಮ ಪಾಲಿಸಿದಂತೆಯೂ ಆಯಿತು, ಯಾರಿಗೂ ಓದಲೂ ಆಗಲಿಲ್ಲ. ಇತಿಹಾಸ ತಿಳಿಯದವನ ಕಣ್ಣಿಗೆ ಅಂಥ ಜೆರ್ಸಿ ನಕಲಿಯಾಗಿ ಕಾಣುತ್ತದೆ, ತಿಳಿದವನಿಗೆ ಆ ವಿಚಿತ್ರವೇ ಪುರಾವೆ. ಸುಳ್ಳು ಸಾಮಾನ್ಯವಾಗಿ ಅಚ್ಚುಕಟ್ಟಾಗಿರುತ್ತದೆ. ಸತ್ಯದ ಮೈಮೇಲೆ ಸುಕ್ಕುಗಳಿರುತ್ತವೆ.

ಆದರೆ ಸುಕ್ಕನ್ನೂ ಸೃಷ್ಟಿಸುವವರಿದ್ದಾರಲ್ಲ! ಹೊಸ ಜೆರ್ಸಿಯನ್ನು ಗೋಡೆಗೆ ಉಜ್ಜಿ, ರಬ್ಬರಿನ ಗುರುತು ಮೂಡಿಸಿ, ಹರಿದು, ಮತ್ತೆ ತೇಪೆ ಹಾಕುವುದು ಕಷ್ಟದ ಕೆಲಸವೇನಲ್ಲ. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಹಾಗಾಗಿ ಪ್ರಮಾಣಪತ್ರಗಳು ಬಂದವು. ಆದರೆ ಪತ್ರವನ್ನೂ ಮನುಷ್ಯನೇ ಬರೆಯಬೇಕು. ಅದಕ್ಕೆ ಶುಲ್ಕ ಕೊಡುವವನು ಅನೇಕ ವೇಳೆ ಮಾರುವವನೇ ಆಗಿರುತ್ತಾನೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಕಾರ್ಯಾಚರಣೆಯಲ್ಲಿ ಕ್ರೀಡಾ ಸ್ಮರಣಿಕೆಗಳ ನಕಲಿ ಜಾಲವೊಂದನ್ನು ಹಿಡಿಯಿತು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ಮದರ್ ತೆರೇಸಾ ಸಹಿ ಮಾಡಿದ್ದೆನ್ನಲಾದ ಬೇಸ್‌ಬಾಲ್‌ಗಳೂ ಇದ್ದವು! ಕೋಲ್ಕತಾದ ಆ ವೃದ್ಧೆ ಬೇಸ್‌ಬಾಲ್ ಹಿಡಿದು ಯಾಕೆ ಸಹಿ ಹಾಕುತ್ತಾರೆ ಎಂಬ ಸರಳ ಪ್ರಶ್ನೆಯನ್ನು ಕೊಳ್ಳುವವರು ಕೇಳಬಹುದಿತ್ತು.

2011-12ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕೆಲವು ಜೆರ್ಸಿ ವ್ಯಾಪಾರಿಗಳ ಮೇಲೆ ಮೊಕದ್ದಮೆ ನಡೆಯಿತು. ಸಾಮಾನ್ಯ ಜೆರ್ಸಿಗಳನ್ನು ಪಂದ್ಯದಲ್ಲಿ ತೊಟ್ಟವೆಂದು ಹೇಳಿ ಕ್ರೀಡಾ ಕಾರ್ಡು ತಯಾರಿಸುವ ಕಂಪನಿಗಳಿಗೆ ಮಾರಿದ್ದರೆಂಬುದು ಆರೋಪ, ಹಲವರು ತಪ್ಪೊಪ್ಪಿಕೊಂಡರು. ಆ ಕಂಪನಿಗಳು ಇಂಥ ಜೆರ್ಸಿಗಳನ್ನು ಚಿಂದಿ ಚಿಂದಿಯಾಗಿ ಕತ್ತರಿಸಿ, ಒಂದೊಂದು ಚೂರನ್ನು ಒಂದೊಂದು ಕಾರ್ಡಿಗೆ ಅಂಟಿಸಿ ಮಾರುತ್ತವೆ. ಮಕ್ಕಳು ಕೂಡ ಅವನ್ನು ಕೊಳ್ಳುತ್ತಾರೆ. ಆ ಅಂಗುಲದಷ್ಟು ಬಟ್ಟೆಯನ್ನು ಹಿಡಿದ ಹುಡುಗ ಏನನ್ನು ಪರೀಕ್ಷಿಸಬಲ್ಲ? ಅವನಿಗೆ ಉಳಿದಿರುವುದು ನಂಬಿಕೆಯೊಂದೇ.

ಮೋಸಗಾರನನ್ನು ಬೈಯುವುದು ಸುಲಭ. ನಾವು ನಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಒಬ್ಬ ಸಂಗ್ರಾಹಕನನ್ನು ಕಲ್ಪಿಸಿಕೊಳ್ಳಿ. ವರ್ಷಗಟ್ಟಲೆ ಉಳಿಸಿದ ಹಣದಲ್ಲಿ ಬಾಲ್ಯದ ನೆಚ್ಚಿನ ಆಟಗಾರನ ಜೆರ್ಸಿಯೊಂದನ್ನು ಕೊಂಡಿದ್ದಾನೆ. ಗಾಜಿನ ಚೌಕಟ್ಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದ್ದಾನೆ. ಒಂದು ದಿನ ಆ ವರ್ಷದ ಫೋಟೋವೊಂದು ಸಿಗುತ್ತದೆ. ಹೋಲಿಸುತ್ತಾನೆ. ಸಂಖ್ಯೆಯ ಹೊಲಿಗೆ ಹೊಂದುವುದಿಲ್ಲ. ಇನ್ನೊಂದು ಫೋಟೋ ನೋಡುತ್ತಾನೆ, ಅದೂ ಹೊಂದುವುದಿಲ್ಲ. ಎದೆ ಧಸಕ್ಕೆನ್ನುತ್ತದೆ. ಈಗ ಅವನ ಮುಂದೆ ಮೂರು ದಾರಿಗಳಿವೆ. ಫೋಟೋವನ್ನು ಮುಚ್ಚಿಟ್ಟು ಮರೆತುಬಿಡುವುದು. ಹಳೆಯ ಪ್ರಮಾಣಪತ್ರದೊಂದಿಗೆ ಜೆರ್ಸಿಯನ್ನು ಇನ್ನೊಬ್ಬನಿಗೆ ಮಾರಿ ಕೈತೊಳೆದುಕೊಳ್ಳುವುದು. ಅಥವಾ ‘ಇದು ಅದಲ್ಲ’ ಎಂದು ಬಾಯಿಬಿಟ್ಟು ಹೇಳಿ ನಷ್ಟವನ್ನು ತಾನೇ ಹೊರುವುದು.

ಎರಡನೆಯ ದಾರಿಯನ್ನು ಗಮನಿಸಿ. ‘ನಾನು ಸುಳ್ಳು ಹೇಳಲಿಲ್ಲ, ನನಗೆ ಬಂದ ಪತ್ರವನ್ನೇ ದಾಟಿಸಿದೆ, ನಾನೂ ಮೋಸ ಹೋದವನೇ’ ಎಂದು ಅವನು ವಾದಿಸಬಹುದು. ಆದರೆ ಮೋಸ ಹೋದವನು ಮೋಸಗಾರನಾಗುವುದು ಸರಿಯಾಗಿ ಈ ಕ್ಷಣದಲ್ಲೇ. ತಿಳಿಯುವವರೆಗೆ ಅವನು ಸಂತ್ರಸ್ತ, ತಿಳಿದ ಮೇಲೆ ಪಾಲುದಾರ. ಜಗತ್ತಿನ ಬಹುಪಾಲು ಸುಳ್ಳುಗಳು ಹುಟ್ಟಿಸಿದವರಿಂದ ಬದುಕುವುದಿಲ್ಲ. ತಮಗೆ ಬಂದ ಖೋಟಾ ನೋಟನ್ನು ಸದ್ದಿಲ್ಲದೆ ಮುಂದಕ್ಕೆ ದಾಟಿಸುವ ಸಜ್ಜನರಿಂದ ಬದುಕುತ್ತವೆ.

ಮೊದಲನೆಯ ದಾರಿಯೂ ನಿರಪಾಯಕಾರಿ ಅಲ್ಲ. ‘ಅವನ ಮನೆಯ ಗೋಡೆ, ಅವನ ಸಂತೋಷ, ಇದರಿಂದ ಯಾರಿಗೇನು ನಷ್ಟ?’ ಎನ್ನಬಹುದು. ನಷ್ಟವಿದೆ. ಆ ಜೆರ್ಸಿ ಕೇವಲ ವಸ್ತುವಲ್ಲ, ಒಬ್ಬ ಮನುಷ್ಯನ ದುಡಿಮೆಯ ಬಗೆಗಿನ ಸಾಕ್ಷ್ಯ. ಇಂಥ ದಿನ, ಇಂಥವನು, ಇಷ್ಟು ಪೆಟ್ಟು ತಿಂದು ಬೆವರು ಸುರಿಸಿದ ಎಂದು ಅದು ಹೇಳುತ್ತದೆ. ಆಡದವನ ಅಂಗಿಗೆ ಆಡಿದವನ ಬೆವರನ್ನು ಹಚ್ಚುವುದು ಅವನ ಶ್ರಮಕ್ಕೆ ಮಾಡುವ ಅನ್ಯಾಯ. ಮಾಲಕ ಕಣ್ಣುಮುಚ್ಚಿದ ಮೇಲೆ ಆ ಜೆರ್ಸಿ ಮಕ್ಕಳ ಕೈಗೆ, ಅಲ್ಲಿಂದ ಮಾರುಕಟ್ಟೆಗೆ ಬರುತ್ತದೆ. ಅವನ ಮೌನ ಆಗ ಮಾತಾಡತೊಡಗುತ್ತದೆ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೇ? ಹಾಗೇನಿಲ್ಲ. ಹಿಂದಿನ ಕಾಲದಲ್ಲಿ ಋತು ಮುಗಿದ ಮೇಲೆ ದೊಡ್ಡ ತಂಡದ ಜೆರ್ಸಿಗಳನ್ನು ಅಭ್ಯಾಸಕ್ಕೋ ಕೆಳ ದರ್ಜೆಯ ತಂಡಗಳಿಗೋ ಕೊಡುತ್ತಿದ್ದರು. ಹೆಸರಿನ ಪಟ್ಟಿ ಬಿಚ್ಚಿ, ಸಂಖ್ಯೆ ಬದಲಿಸಿ ಮತ್ತೊಬ್ಬರು ತೊಡುತ್ತಿದ್ದರು. ಅಂಥ ಜೆರ್ಸಿಯಲ್ಲಿ ಸೂಜಿಯ ಹಳೆಯ ತೂತುಗಳ ಸಾಲು ಉಳಿದಿರುತ್ತದೆ. ಕೆಲವು ಸಂಗ್ರಾಹಕರು ಆ ತೂತುಗಳ ಜಾಡು ಹಿಡಿದು ಮೊದಲಿನ ಹೆಸರನ್ನು ಮರಳಿ ಹೊಲಿಸುತ್ತಾರೆ. ಇದು ಸರಿಯೋ ತಪ್ಪೋ ಎಂದು ಅವರ ನಡುವೆ ವಾದವಿದೆ. ‘ಹೆಸರನ್ನು ಹೊಸದಾಗಿ ಹೊಲಿಸಲಾಗಿದೆ’ ಎಂದು ಸ್ಪಷ್ಟವಾಗಿ ಹೇಳಿದರೆ ಅದು ದುರಸ್ತಿ. ಮುಚ್ಚಿಟ್ಟರೆ ಮೋಸ. ಸೂಜಿ ಒಂದೇ, ನೂಲೂ ಒಂದೇ. ನಡುವೆ ಇರುವುದು ಒಂದು ವಾಕ್ಯ ಮಾತ್ರ. ನಮಗೆ ಕೇಳಿದರೆ, ಮರಳಿ ಹೊಲಿಸದೆ ಬಿಟ್ಟರೆ ಇನ್ನೂ ಒಳ್ಳೆಯದು. ಕೆಳಗಿನ ತಂಡದಲ್ಲಿ ಅದನ್ನು ತೊಟ್ಟ ಹೆಸರಿಲ್ಲದ ಆಟಗಾರನೂ ಬೆವರು ಸುರಿಸಿದ್ದನಲ್ಲವೇ?

1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದ ಅಮೆರಿಕದ ನಾಯಕ ಮೈಕ್ ಎರುಜಿಯೋನಿ ಆ ಪಂದ್ಯದ ಜೆರ್ಸಿಯನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ತಮ್ಮಲ್ಲೇ ಇಟ್ಟುಕೊಂಡಿದ್ದು, 2013ರಲ್ಲಿ ಹರಾಜಿಗೆ ಕೊಟ್ಟರು. ತೊಟ್ಟವನೇ ಕೊಟ್ಟಾಗ ಸಂಶಯಕ್ಕೆ ಎಡೆ ಕಡಿಮೆ. ಎಲ್ಲ ಪರೀಕ್ಷೆಗಳ ತುದಿಯಲ್ಲೂ ನಾವು ತಲುಪುವುದು ಇಲ್ಲಿಗೇ. ದೀಪ, ಭೂತಗನ್ನಡಿ, ಫೋಟೋ ಇವೆಲ್ಲ ಬೇಕು. ಆದರೆ ಕೊನೆಗೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ‘ಇದು ನಿಜ’ ಎಂದು ಹೇಳಬೇಕು. ಆ ಮಾತಿನ ಬೆಲೆ ಹೇಳುವವನ ನಡತೆಯಷ್ಟೇ.

ನಾವು ಜೆರ್ಸಿ ಸಂಗ್ರಹಿಸುವವರಲ್ಲದಿರಬಹುದು. ಆದರೆ ಸುದ್ದಿಗಳನ್ನು, ಹೆಮ್ಮೆಗಳನ್ನು, ಇತರರ ಬಗೆಗಿನ ಅಭಿಪ್ರಾಯಗಳನ್ನು ಪ್ರತಿದಿನ ಸಂಗ್ರಹಿಸುತ್ತೇವೆ, ಮುಂದಕ್ಕೆ ದಾಟಿಸುತ್ತೇವೆ. ನಮಗೆ ಇಷ್ಟವಿಲ್ಲದ್ದನ್ನು ಭೂತಗನ್ನಡಿ ಹಿಡಿದು ನೋಡುತ್ತೇವೆ, ಇಷ್ಟವಾದದ್ದನ್ನು ಕಣ್ಣುಮುಚ್ಚಿ ಒಪ್ಪುತ್ತೇವೆ. ಒಳ್ಳೆಯ ಸಂಗ್ರಾಹಕನ ಕ್ರಮ ಇದಕ್ಕೆ ತದ್ವಿರುದ್ಧ. ಯಾವುದು ನಿಜವಾಗಿರಲಿ ಎಂದು ಮನಸ್ಸು ಹಂಬಲಿಸುತ್ತದೋ ಅದನ್ನೇ ಅವನು ಎಲ್ಲಕ್ಕಿಂತ ಕಠಿಣವಾಗಿ ಪರೀಕ್ಷಿಸುತ್ತಾನೆ. ಪರೀಕ್ಷೆಯಲ್ಲಿ ಅದು ಸೋತಾಗ, ಗೋಡೆಯಿಂದ ಚೌಕಟ್ಟನ್ನು ಇಳಿಸುವ ಧೈರ್ಯ ತೋರುತ್ತಾನೆ. ನಮ್ಮ ಮನೆಯ ಗೋಡೆಯಲ್ಲಿ ಇಳಿಸಬೇಕಾದ ಚೌಕಟ್ಟುಗಳು ಎಷ್ಟಿವೆ?