‘ಐ ಅಗ್ರೀ’ ಅಂದರೆ ಸಾಕಾ?

ಪ್ರಿಯರೇ, ಮತ್ತಾಯ 21ನೇ ಅಧ್ಯಾಯ, 28ರಿಂದ 31ನೇ ವಚನ ತೆಗೆಯಿರಿ.

ಇಬ್ಬರು ಮಕ್ಕಳು. ದ್ರಾಕ್ಷೇತೋಟದಲ್ಲಿ ಕೆಲಸಮಾಡು ಅಂತ ತಂದೆ ಇಬ್ಬರಿಗೂ ಹೇಳಿದ. ಒಬ್ಬ ಹೋಗಲ್ಲ ಅಂದ, ಆಮೇಲೆ ಮನಸ್ಸು ತಿರುಗಿ ಹೋದ. ಇನ್ನೊಬ್ಬ ಹೋಗ್ತೀನಿ ಅಂದ, ಹೋಗಲಿಲ್ಲ.

ಮೊಬೈಲಿಗೆ ಹೊಸ ಆಪ್ ಹಾಕಿಕೊಳ್ಳುವಾಗ ‘ಐ ಅಗ್ರೀ’ ಅಂತ ಬರುತ್ತೆ. ಎಷ್ಟು ಜನ ಓದ್ತೀರಾ? ಒತ್ತಿ ಮುಂದೆ ಹೋಗ್ತೀವಿ. ಭಾನುವಾರದ ನಮ್ಮ ಆಮೆನ್ ಕೂಡ ಹಾಗೇ ಆಗಿಬಿಟ್ಟಿದೆಯಾ ಅಂತ ನನಗೆ ಭಯ.

ಆ ಪದದ ಬೇರು ನೋಡಿ. ‘ಅಗ್ರೀ’ ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಿಂದೆ ಲ್ಯಾಟಿನಿನ ‘ಗ್ರಾತುಸ್’ ಇದೆ, ಅಂದರೆ ಮನಸ್ಸಿಗೆ ಹಿಡಿಸಿದ್ದು. ‘ಒಬೇ’ ಬೇರೆ. ಅದರೊಳಗೆ ಇರೋದು ‘ಔದೀರೆ’, ಅಂದರೆ ಕೇಳುವುದು. ‘ಆಡಿಯೋ’ ಕೂಡ ಅದೇ ಬೇರಿನದು. ಹೀಬ್ರೂವಿನಲ್ಲೂ ‘ಶಮಾ’ ಅಂದರೆ ಕೇಳುವುದು, ವಿಧೇಯರಾಗುವುದು ಎರಡೂ ಹೌದು. 1 ಸಮುವೇಲ 15ರಲ್ಲಿ ಸೌಲನು ಒಳ್ಳೊಳ್ಳೆ ಕುರಿದನಗಳನ್ನು ಯಜ್ಞಕ್ಕೆಂದು ಉಳಿಸಿಕೊಂಡ. ಆದರೆ ದೇವರ ಮಾತು ‘ಕೇಳಲಿಲ್ಲ’. ನಮ್ಮ ಅಮ್ಮಂದಿರೂ ಹಾಗೇ ತಾನೇ ಹೇಳೋದು, “ಇವನು ನನ್ನ ಮಾತೇ ಕೇಳಲ್ಲ” ಅಂತ? ಕಿವಿ ಕೇಳಿಸಲ್ಲ ಅಂತ ಅಲ್ಲ!

ಇಲ್ಲಿ ಗಮನಿಸಿ. ನನಗೆ ಹಿಡಿಸಿತಾ ಅನ್ನೋದರಿಂದ ಒಂದು ಪದ ಶುರುವಾಗುತ್ತೆ. ಮಾತಾಡ್ತಿರೋದು ಯಾರು ಅನ್ನೋದರಿಂದ ಇನ್ನೊಂದು. ಮೊದಲನೇ ಮಗನಿಗೆ ಆ ಕೆಲಸ ಹಿಡಿಸಲಿಲ್ಲ, ಆದರೂ ತಂದೆಯ ಮಾತು ಅವನೊಳಗೆ ಇಳಿಯಿತು. ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಆ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡರು. ಹಿಡಿಸಿದಂತೆ ನಟಿಸಲಿಲ್ಲ. ಅತ್ತು ಪ್ರಾರ್ಥಿಸಿ, ತಂದೆಯ ಚಿತ್ತಕ್ಕೆ ಒಪ್ಪಿಸಿಕೊಟ್ಟರು. ಹಲ್ಲೆಲೂಯ!

ಆಫೀಸಿನಲ್ಲಿ ನಿಮಗೆ ‘ಕಂಪ್ಲಯನ್ಸ್’ ಟ್ರೈನಿಂಗ್ ಕೊಡ್ತಾರಲ್ಲ, ಆ ಪದದ ಬೇರಿನ ಅರ್ಥ ತುಂಬಿಸುವುದು, ಪೂರ್ತಿ ಮಾಡುವುದು. ಕೇಳಿದ್ದು ಪೂರ್ತಿಯಾಗೋದು ಸೋಮವಾರ, ಪ್ರಿಯರೇ. ಕ್ಷಮಿಸು ಅಂತ ದೇವರು ಯಾರ ಹೆಸರನ್ನೋ ನಿಮ್ಮ ಹೃದಯದಲ್ಲಿ ಇಟ್ಟಿದ್ದಾರೆ. ತಿಂಗಳುಗಟ್ಟಲೆ ಅದಕ್ಕೆ ಆಮೆನ್ ಅಂತಿದ್ದೀರಿ, ಫೋನ್ ಮಾತ್ರ ಮಾಡಿಲ್ಲ. ಮನಸ್ಸಿಲ್ಲವಾ? “ಕರ್ತನೇ, ನನಗೆ ಇಷ್ಟವಿಲ್ಲ” ಅಂತ ನಿಜ ಹೇಳಿ ಅಳಿರಿ. ದೇವರು ಅದನ್ನು ತಾಳಿಕೊಳ್ತಾರೆ. ಆಮೇಲೆ ಎದ್ದು ತೋಟಕ್ಕೆ ಹೋಗಿರಿ.

ಕಣ್ಣು ಮುಚ್ಚಿ. ಪ್ರಾರ್ಥಿಸೋಣ.