ದಾನ ಒಂದೇ ದಿನದ್ದೇ?

ಅಂಗದಾನದ ಮಾತು ಬಂದಾಗ ನಾವು ಕೊಟ್ಟವರನ್ನು ಮನಸಾರೆ ಹೊಗಳುತ್ತೇವೆ. ಹೊಗಳಲೇಬೇಕು. ಆದರೆ ಕೊಟ್ಟದ್ದನ್ನು ಉಳಿಸಿಕೊಳ್ಳುವ ಹೊಣೆ ಯಾರದು ಎಂದು ನಾವು ಕೇಳಿಕೊಂಡಿದ್ದೇವೆಯೇ?

ಈ ವಿಷಯದಲ್ಲಿ ದೇಹ ಬಹಳ ನಿಷ್ಠುರ. ಅಕ್ಕ ತಮ್ಮನಿಗೆ ಪ್ರೀತಿಯಿಂದ ಕೊಟ್ಟ ಕಿಡ್ನಿಯೂ ಅದಕ್ಕೆ ಪರಕೀಯವೇ. ಜೀವಕೋಶಗಳ ಮೇಲಿನ ಗುರುತುಗಳು ಒಡಹುಟ್ಟಿದವರಲ್ಲೂ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. 1954ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಮೊದಲ ಬಾರಿಗೆ ಯಶಸ್ವಿಯಾದ ಕಿಡ್ನಿ ಕಸಿ ನಡೆದದ್ದು ಏಕರೂಪಿ ಅವಳಿ ಸಹೋದರರ ನಡುವೆ.

ಆದರೆ ತಿರಸ್ಕಾರಕ್ಕೆ ಪರಕೀಯತೆಯೊಂದೇ ಕಾರಣವಲ್ಲ. ದಾನಿಯ ದೇಹದಿಂದ ಹೊರಬಂದ ಅಂಗ ರಕ್ತವಿಲ್ಲದೆ ತಂಪಿನಲ್ಲಿ ಕಾಯುತ್ತದೆ. ಮತ್ತೆ ರಕ್ತ ಹರಿಯತೊಡಗಿದಾಗ ಅದರ ಕೋಶಗಳು ಘಾಸಿಗೊಂಡು ಅಪಾಯದ ಸಂಕೇತಗಳನ್ನು ಹೊರಬಿಡುತ್ತವೆ. ಕಾವಲು ಕೋಶಗಳು ಎಚ್ಚೆತ್ತು ಸೈಟೋಕೈನ್ ಎಂಬ ಉರಿಯೂತದ ಸಂದೇಶಗಳನ್ನು ಹರಡುತ್ತವೆ. ಟಿ ಕೋಶಗಳು ಇಂಟರ್‌ಲ್ಯೂಕಿನ್-2ರ ಪ್ರಚೋದನೆಯಿಂದ ವೃದ್ಧಿಸಿ ಹೊಸ ಅಂಗದ ಮೇಲೆರಗುತ್ತವೆ. ಅಂದರೆ, ಮೊದಲ ಕೂಗು ಎಷ್ಟೋ ಸಲ ಗಾಯಗೊಂಡು ಬಂದ ಅತಿಥಿಯದೇ.

ಇದರಲ್ಲಿ ದೇಹದ ತಪ್ಪೇನಿಲ್ಲ. ಸೃಷ್ಟಿಕರ್ತನು ಇದೇ ಸಂಕೇತಗಳ ಮೂಲಕ ನಮ್ಮನ್ನು ಸೋಂಕಿನಿಂದ ಕಾಯುತ್ತಿದ್ದಾನೆ. ಅವನ್ನು ಪೂರ್ತಿ ಅಡಗಿಸಿದರೆ ಅಂಗ ಉಳಿದೀತು, ಮನುಷ್ಯ ಉಳಿಯಲಾರ. ಆದ್ದರಿಂದಲೇ ಟ್ಯಾಕ್ರೋಲಿಮಸ್‌ನಂತಹ ಮಾತ್ರೆಗಳನ್ನು ಆಗಾಗ ರಕ್ತ ಪರೀಕ್ಷಿಸಿ, ಅಳತೆ ಹೊಂದಿಸಿ ಕೊಡುತ್ತಾರೆ. ಸಾಮಾನ್ಯವಾಗಿ ಅಂಗ ಕೆಲಸ ಮಾಡುವಷ್ಟು ಕಾಲವೂ ಇವನ್ನು ನುಂಗಬೇಕು.

ನೈತಿಕ ಪ್ರಶ್ನೆ ಏಳುವುದು ಇಲ್ಲಿಯೇ. ಇಂಡಿಯ ನಿಂಬೆ ತೋಟದಲ್ಲೋ, ಸಿಂದಗಿ, ಮುದ್ದೇಬಿಹಾಳದ ತೊಗರಿ ಹೊಲದಲ್ಲೋ ದಿನಗೂಲಿ ಮಾಡುವವನನ್ನು ನೆನೆಯೋಣ. ಪರೀಕ್ಷೆಗೆ ದೂರದ ನಗರಕ್ಕೆ ಹೋದರೆ ಅಂದಿನ ಕೂಲಿಯಿಲ್ಲ. ಮಾತ್ರೆ ಕೊಂಡರೆ ಮಕ್ಕಳ ಶಾಲೆಯ ಖರ್ಚಿಗೆ ಹಣವಿಲ್ಲ. ಅವನು ಕೆಲವು ದಿನ ಮಾತ್ರೆ ಬಿಟ್ಟರೆ, ಅಕ್ಕ ಕೊಟ್ಟ ಕಿಡ್ನಿ ಸದ್ದಿಲ್ಲದೆ ಸಾಯತೊಡಗಬಹುದು. ಆಗ ಅದನ್ನು ತಿರಸ್ಕರಿಸಿದ್ದು ಅವನ ದೇಹವೇ ಅಥವಾ ನಾವೇ?

ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 1988ರಲ್ಲಿ ಜಿದ್ದಾದಲ್ಲಿ ಷರತ್ತುಬದ್ಧವಾಗಿ ಅಂಗ ಕಸಿಯನ್ನು ಒಪ್ಪಿ, ಅಂಗಗಳ ಮಾರಾಟವನ್ನು ನಿಷೇಧಿಸಿತು. ಭಾರತದ 1994ರ ಕಾನೂನೂ ಮಾರಾಟವನ್ನು ಅಪರಾಧವೆಂದಿತು. ಅಂಗಕ್ಕೆ ಬೆಲೆ ಕಟ್ಟಬಾರದು, ನಿಜ. ಆದರೆ ಉಚಿತವಾಗಿ ಸಿಕ್ಕ ಅಂಗವನ್ನು ಉಳಿಸಿಕೊಳ್ಳುವುದಕ್ಕೆ ದಿನವೂ ಬೆಲೆ ತೆರಬೇಕಾಗಿದೆ. ಆ ಭಾರ ರೋಗಿಯೊಬ್ಬನದೇ ಆಗಬೇಕೇ?

ಝಕಾತ್ ಒಮ್ಮೆ ಕೊಟ್ಟು ಮರೆಯುವಂತಹದ್ದಲ್ಲ. ಉಳ್ಳವರ ಬಾಗಿಲಿಗೆ ವರ್ಷವರ್ಷವೂ ಬರುವ ಹೊಣೆ ಅದು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬೋಧಿಸಿದ ದಾಸೋಹವೂ ನಿತ್ಯದ್ದೇ. ಮಾತ್ರೆಯೂ ನಿತ್ಯದ್ದು. ಕಸಿ ಮಾಡಿಸಿಕೊಂಡು ಊರಿಗೆ ಮರಳಿದವರ ಔಷಧಿಯ, ಬಸ್ಸಿನ ಖರ್ಚಿಗೆ ನಮ್ಮ ಮಸೀದಿ, ಮಠಗಳು ಹೆಗಲು ಕೊಡಲಾರವೇ? ದೇಹಕ್ಕೆ ವಿವೇಕವಿಲ್ಲ, ಅದು ತಿರಸ್ಕರಿಸಿದರೆ ಕ್ಷಮೆಯಿದೆ. ವಿವೇಕ ಪಡೆದ ನಮಗೆ ಆ ನೆಪವಿಲ್ಲ.