ತಕ್ಕಡಿಯ ಸೊನ್ನೆ



ಸಾಧಾರಣ ಕಾಲದ 25ನೇ ಭಾನುವಾರದ ವಾಚನಗಳು ನೇರವಾಗಿ ಅಂಗಡಿಯ ಬಾಗಿಲಿಗೇ ಬಂದು ನಿಲ್ಲುತ್ತವೆ. ಮೊದಲ ವಾಚನ ಪ್ರವಾದಿ ಆಮೋಸನದು (8:4-7), ಶುಭಸಂದೇಶ ಸಂತ ಲೂಕರದು (16:1-13). ಈ ಎರಡನ್ನೂ ಯುವಜನರ ಕೂಟದಲ್ಲಿ ಓದಿದಾಗ ನಮ್ಮಲ್ಲಿ ಮೂವರಿಗೆ ತಲೆ ಎತ್ತಲಾಗಲಿಲ್ಲ. ಏಕೆಂದು ಹೇಳುತ್ತೇವೆ.

ಆಮೋಸ ತೆಕೋವ ಎಂಬ ಊರಿನವನು. ಕುರಿ ಸಾಕುತ್ತಿದ್ದ, ಅತ್ತಿಮರಗಳನ್ನು ನೋಡಿಕೊಳ್ಳುತ್ತಿದ್ದ. ನಮ್ಮ ಹಾಗೆಯೇ ಹಳ್ಳಿಯವನು. ಸಬ್ಬತ್ ದಿನ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆರೆಯೋಣ ಎಂದು ಕಾಯುವ ವರ್ತಕರನ್ನು ಅವನು ಗದರಿಸುತ್ತಾನೆ. ಅವನ ಆರೋಪ ಬಲು ನಿಖರ. ಧಾನ್ಯ ಅಳೆಯುವ ಏಫಾವನ್ನು ಅವರು ಚಿಕ್ಕದು ಮಾಡಿದ್ದರು, ಬೆಳ್ಳಿ ತೂಗುವ ಶೆಕೆಲ್ ಕಲ್ಲನ್ನು ದೊಡ್ಡದು ಮಾಡಿದ್ದರು. ಅಂದು ಅಲ್ಲಿ ನಾಣ್ಯದ ಬಳಕೆ ಇರಲಿಲ್ಲ, ಬೆಳ್ಳಿಯನ್ನು ತೂಗಿಯೇ ಬೆಲೆ ಕೊಡಬೇಕಿತ್ತು. ಹೀಗಾಗಿ ಬಡವನಿಗೆ ಸಿಗುವುದು ಕಡಿಮೆ, ಅವನು ಕೊಡುವುದು ಹೆಚ್ಚು. ಒಂದೇ ವ್ಯಾಪಾರದಲ್ಲಿ ಎರಡು ಕಡೆ ಪೆಟ್ಟು.

ಇನ್ನು ನಮ್ಮ ಕಥೆ. ಡಿಗ್ರಿ ಮುಗಿಸಿ ತಿರುಪ್ಪೂರಿಗೆ, ಬೆಂಗಳೂರಿಗೆ ಹೋದವರು ಹೋದರು. ತಾಳವಾಡಿಯಲ್ಲೇ ಉಳಿದ ನಾವು ಮೂವರು ಸೇರಿ ತರಕಾರಿ, ದಿನಸಿಯ ಒಂದು ಸಣ್ಣ ಅಂಗಡಿ ಹಾಕಿದೆವು. ಬಂಡವಾಳದಲ್ಲಿ ಅರ್ಧ ಮನೆಯವರದು, ಅರ್ಧ ಸಾಲ. ಬೋರ್ಡು ತಮಿಳಿನಲ್ಲೂ ಕನ್ನಡದಲ್ಲೂ ಇದೆ, ಮಾತು ಬಂದವರದು. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಬರುವ ಈರುಳ್ಳಿ ಮೂಟೆಯಲ್ಲಿ ಕೊಳೆತದ್ದು ಇದ್ದೇ ಇರುತ್ತದೆ. ಆ ನಷ್ಟ ಯಾರ ತಲೆಗೆ?

ನಮ್ಮ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ ಇತ್ತು, ಅದರ ತೂಕ 40 ಗ್ರಾಂ. ಬುಟ್ಟಿ ಇಟ್ಟ ಮೇಲೆ ಗುಂಡಿ ಒತ್ತಿ ಸೊನ್ನೆಗೆ ತರಬೇಕು. ಮೊದಮೊದಲು ಗಡಿಬಿಡಿಯಲ್ಲಿ ಮರೆತೆವು. ಹಾಗೆ ಮರೆತ ದಿನ ಮಾಲು ಸ್ವಲ್ಪ ಉಳಿಯುತ್ತದೆ ಎಂದು ತಿಳಿದ ಮೇಲೆ, ಮರೆಯುವುದನ್ನೇ ರೂಢಿ ಮಾಡಿಕೊಂಡೆವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೂವರಿಗೂ ಗೊತ್ತಿತ್ತು.

ಎರಡು ತಿಂಗಳಾದ ಮೇಲೆ ಕೂಲಿ ಕೆಲಸದ ಒಬ್ಬ ಅವ್ವ ಚೀಲ ಹಿಡಿದು ವಾಪಸ್ ಬಂದರು. "ಏನ್ ಮಗ, ನಿಮ್ ತಕ್ಕಡಿನೂ ಉಣ್ತದಾ?" ಎಂದರು. ನಾವು ಸುಮ್ಮನಿದ್ದೆವು. "ಚರ್ಚಿಗೆ ಹೋಗೋ ಐಕಳು ಅಂತ ನಂಬ್ಕೊಂಡು ಬಂದಿವ್ನಿ ಕಣಪ್ಪ" ಎಂದರು. ಅವರು ನಮ್ಮ ಧರ್ಮಕೇಂದ್ರದವರಲ್ಲ. ಬೆರಳೆಣಿಕೆಯಷ್ಟೇ ಮನೆಗಳಿರುವ ನಮ್ಮನ್ನು ಊರು ನೋಡಿ ಕ್ರಿಸ್ತರನ್ನು ಅಳೆಯುತ್ತದೆ ಎಂಬುದು ಆ ಹೊತ್ತು ನಾಟಿತು.

ಅಂದು ರಾತ್ರಿ ಲೆಕ್ಕ ಹಾಕಿದೆವು. ದಿನಕ್ಕೆ 50 ಸಲ ತೂಗಿದರೆ 2 ಕಿಲೋ. ಎರಡು ತಿಂಗಳಿಗೆ 120 ಕಿಲೋ. ತಕ್ಕಡಿಗೆ ಇಲಾಖೆಯವರು ವರ್ಷಕ್ಕೊಮ್ಮೆ ಹಾಕುವ ಮುದ್ರೆ ಸರಿಯಾಗಿಯೇ ಇತ್ತು. ತಪ್ಪಿದ್ದು ನಮ್ಮ ಕೈ.

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೊದಲ ದಿನ ಕಲಿತದ್ದು ಇದನ್ನೇ. ಉಪಕರಣ ಸೊನ್ನೆಯಲ್ಲಿದೆಯೇ ನೋಡು, ಇಲ್ಲದಿದ್ದರೆ ನೂರು ಸಲ ಅಳೆದು ಸರಾಸರಿ ತೆಗೆದರೂ ಉತ್ತರ ತಪ್ಪೇ. ಮನಸ್ಸಾಕ್ಷಿಯೂ ಹಾಗೆ. ಪ್ರತಿ ಭಾನುವಾರ ಬಲಿಪೂಜೆಗೆ ಬಂದೆವು, ಗಾಯನವೃಂದದಲ್ಲಿ ಹಾಡಿದೆವು. ಬುಡದಲ್ಲಿದ್ದ 40 ಗ್ರಾಂ ಹಾಗೆಯೇ ಇತ್ತು. ಪಾಪನಿವೇದನೆ ಎಂದರೆ ದೇವರ ಮುಂದೆ ಆ ಸೊನ್ನೆಯನ್ನು ಸರಿಮಾಡಿಕೊಳ್ಳುವುದು.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಜಕ್ಕಾಯ ಯೇಸುಸ್ವಾಮಿಯ ಮುಂದೆ ಕಣ್ಣೀರು ಹಾಕಿ ಕೂರಲಿಲ್ಲ, ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಕದ್ದದ್ದನ್ನು ಒಡೆಯನಿಗೆ ಮರಳಿಸಬೇಕೆಂಬುದು ಧರ್ಮಸಭೆಯ ಬೋಧನೆ. ಯಾರಿಗೆ ಎಷ್ಟು ತಪ್ಪಿತೆಂದು ತಿಳಿಯದಾಗ ಏನು ಮಾಡುವುದೆಂದು ಫಾದರ್ ಅವರನ್ನು ಕೇಳಿದೆವು. ಗೊತ್ತಿದ್ದವರಿಗೆ ಕೊಡಿ, ಗೊತ್ತಿಲ್ಲದವರ ಪಾಲು ಬಡವರಿಗೆ ಸೇರಲಿ ಎಂದರು.

ಇಲ್ಲಿ ಶುಭಸಂದೇಶದ ಮೇಸ್ತ್ರಿ ನೆನಪಾಗುತ್ತಾನೆ. ನೂರು ಅಳತೆ ಎಣ್ಣೆಯ ಸಾಲವನ್ನು ಐವತ್ತೆಂದೂ ನೂರು ಅಳತೆ ಗೋದಿಯನ್ನು ಎಂಬತ್ತೆಂದೂ ಬರೆಸಿದ ಜಾಣ. ಅವನು ಬಿಟ್ಟುಕೊಟ್ಟದ್ದು ಯಜಮಾನನದು. ನಮ್ಮ ಉದ್ರಿ ಪುಸ್ತಕದಲ್ಲಿ ನಾವು ಹೊಡೆದುಹಾಕಿದ್ದು ನಮ್ಮದೇ ಗಲ್ಲಾಪೆಟ್ಟಿಗೆಯಿಂದ. ಮಿಕ್ಕದ್ದನ್ನು ಮೂರು ಕಂತಿನಲ್ಲಿ ಧರ್ಮಕೇಂದ್ರದ ಬಡವರ ನಿಧಿಗೆ ಕಟ್ಟಿದೆವು. ಅವ್ವನ ಮನೆಗೆ ಮೂವರೂ ಹೋಗಿ ನಿಜ ಹೇಳಿದೆವು. ಅವರು ಬೈದರು, ಆಮೇಲೆ ಕಾಪಿ ಕೊಟ್ಟರು.

ಸರಿಯಾಗಿ ತೂಗಿದರೆ ಲಾಭ ಹೆಚ್ಚುತ್ತದೆ ಎಂದು ನಾವು ಹೇಳಲಾರೆವು. ಆ ತಿಂಗಳುಗಳಲ್ಲಿ ಅದು ಕಡಿಮೆಯೇ ಆಯಿತು. ಕೊಳೆತದ್ದನ್ನು ಈಗ ಖರ್ಚಿನಲ್ಲಿ ಬರೆಯುತ್ತೇವೆ, ಬೆಲೆಯಲ್ಲಿ ಬಚ್ಚಿಡದೆ ಹೇಳುತ್ತೇವೆ. ಮುದ್ರೆ ಇರುವ ಒಂದು ಕಿಲೋ ಕಲ್ಲು ಮುಂದೆಯೇ ಇದೆ, ಯಾರು ಬೇಕಾದರೂ ಇಟ್ಟು ನೋಡಬಹುದು. ರಾತ್ರಿ ನಿದ್ದೆ ಬರುತ್ತದೆ.

ಅಂಗಡಿ ಇರುವವರಿಗೆ ಮಾತ್ರ ಈ ಮಾತಲ್ಲ. ಟೊಮೆಟೊ ಪೆಟ್ಟಿಗೆಯ ಅಡಿಯಲ್ಲಿ ಕಾಯಿ ತುಂಬುವವರು, ಕೂಲಿಯವರಿಗೆ ಶನಿವಾರ ಕೊಡಬೇಕಾದ್ದನ್ನು ಮುಂದೂಡುವವರು, ಉದ್ರಿ ತಂದು ಇನ್ನೊಂದು ಬೀದಿಯಲ್ಲಿ ಓಡಾಡುವವರು, ಎಲ್ಲರ ತಕ್ಕಡಿಯಲ್ಲೂ ಒಂದು ಬುಟ್ಟಿ ಇದೆ. ಅಲ್ಪವಾದುದರಲ್ಲಿ ನಂಬಿಗಸ್ತರಾಗಿರಬೇಕೆಂದು ಪ್ರಭು ಹೇಳಿದ್ದು ಈ 40 ಗ್ರಾಮಿನ ವಿಷಯವೇ. ಈ ವಾರ ಪಾಪನಿವೇದನೆಗೆ ಹೋಗುವ ಮುನ್ನ ನಾವೆಲ್ಲರೂ ಆ ಬುಟ್ಟಿಯನ್ನು ತೂಗಿ ನೋಡೋಣ.

ನಜರೇತಿನಲ್ಲಿ ಬಡಗಿ ಕೆಲಸ ಮಾಡಿ ಸಂಸಾರ ಸಾಕಿದ ಸಂತ ಜೋಸೆಫರೇ, ನಮ್ಮ ಕೈಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.

ಯುವಜನ ಸಂಚಾಲಕರು ಮತ್ತು ಗೆಳೆಯರು